ಹೇಳೋಕೆ ಪದಾನೇ ಇಲ್ಲದಿದ್ರೆ ಡಾಕ್ಟರ್ ಹತ್ರ ಏನಂತ ಹೇಳೋದು?

ನಮ್ಮ ಊರುಗಳ ಬಸ್ ಸ್ಟ್ಯಾಂಡಿನ ಶೌಚಾಲಯದ ಗೋಡೆ, ರೈಲು ಹಳಿ ಪಕ್ಕದ ಕಾಂಪೌಂಡು, ಫ್ಲೈಓವರ್ ಕೆಳಗಿನ ಕಂಬ, ಎಲ್ಲಿ ನೋಡಿದರೂ ಒಂದೇ ಥರದ ಬರಹ. ಗುಪ್ತ ರೋಗವೇ? ನರ ದೌರ್ಬಲ್ಯವೇ? ಶೀಘ್ರಸ್ಖಲನವೇ? ಒಂದೇ ಕೋರ್ಸಿನಲ್ಲಿ ಗ್ಯಾರಂಟಿ ಗುಣ. ಕೆಳಗೊಂದು ಮೊಬೈಲ್ ನಂಬರ್. ನಾವೆಲ್ಲ ಅದನ್ನ ನೋಡಿ ನಕ್ಕಿದ್ದೀವಿ, ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದೀವಿ, ಯಾವನದೋ ಬರ್ತ್‌ಡೇಗೆ ಆ ನಂಬರ್ ಗಿಫ್ಟ್ ಅಂತ ಕಾಲೆಳೆದಿದ್ದೀವಿ. ಆದರೆ ಒಂದು ಲೆಕ್ಕ ಹಾಕಿ ನೋಡಿ. ಆ ನಂಬರಿಗೆ ಯಾರೂ ಫೋನ್ ಮಾಡದೇ ಇದ್ದಿದ್ದರೆ, ವರ್ಷಗಟ್ಟಲೆ ದುಡ್ಡು ಕೊಟ್ಟು ಗೋಡೆಗೆ ಬರೆಸುವವರು ಯಾಕೆ ಬರೆಸ್ತಿದ್ರು? ಫೋನ್ ಮಾಡೋರು ಇದ್ದಾರೆ. ಅವರಲ್ಲಿ ನಮ್ಮ ವಯಸ್ಸಿನವರೂ ಇದ್ದಾರೆ.

ಯಾಕೆ ಮಾಡ್ತಾರೆ ಅನ್ನೋದಕ್ಕೆ ನಮಗೆ ತೋಚುವ ಉತ್ತರ ಸರಳ. ಆ ಗೋಡೆ ಬರಹದಲ್ಲಿ ಸಮಸ್ಯೆಯ ಹೆಸರು ಕನ್ನಡದಲ್ಲಿ, ನೇರವಾಗಿ ಇದೆ. ಮನೆಯಲ್ಲಿ ಆ ಮಾತೇ ಇಲ್ಲ. ಹತ್ತನೇ ಕ್ಲಾಸಿನಲ್ಲಿ ಸಂತಾನೋತ್ಪತ್ತಿ ಪಾಠ ಬಂದಾಗ ‘ಇದನ್ನ ನೀವೇ ಓದ್ಕೊಳ್ಳಿ’ ಅಂತ ಮುಂದಕ್ಕೆ ಹೋದ ಮೇಷ್ಟ್ರು ಎಷ್ಟು ಜನರಿಗೆ ನೆನಪಿಲ್ಲ? ಹಾಸ್ಟೆಲ್‌ನಲ್ಲಿ ಮಾತಿದೆ, ಆದರೆ ಅಲ್ಲಿರೋದು ಬೈಗುಳ ಮತ್ತು ಜೋಕು. ಬೈಗುಳದ ಪದ ಇಟ್ಕೊಂಡು ನೋವು ಹೇಳ್ಕೊಳ್ಳೋಕಾಗಲ್ಲ. ಹಾಗಾಗಿ ಕಷ್ಟದಲ್ಲಿರುವವನು ತನ್ನ ಕಷ್ಟಕ್ಕೆ ಹೆಸರಿಟ್ಟು ಕರೆಯುವವನ ಕಡೆಗೆ ಹೋಗ್ತಾನೆ. ಆ ಕರೆಯುವವನು ನಕಲಿ ವೈದ್ಯನಾಗಿದ್ದರೆ, ಆ ಜಾಗವನ್ನ ಅವನಿಗೆ ಖಾಲಿ ಬಿಟ್ಟುಕೊಟ್ಟಿದ್ದು ನಾವು ಎಲ್ಲರೂ.

ಈ ಲೇಖನ ಸೆಕ್ಸ್ ಥೆರಪಿ ಬಗ್ಗೆ. ಹೆಸರು ಕೇಳಿದ ಕೂಡಲೇ ಹಿಂದಿನ ಬೆಂಚಿನಿಂದ ಕಿಸಕ್ ಅಂತ ನಗು ಬರುತ್ತೆ ಅಂತ ಗೊತ್ತು. ನಕ್ಕು ಮುಗಿಸಿ, ಮುಂದಕ್ಕೆ ಓದಿ.

ಮೊದಲು, ಇದು ಏನು ಅಂತ

ಸೆಕ್ಸ್ ಥೆರಪಿ ಅಂದರೆ ಮಾತಿನ ಚಿಕಿತ್ಸೆ. ಲೈಂಗಿಕ ಜೀವನದಲ್ಲಿ ಬಂದಿರುವ ತೊಂದರೆಯನ್ನ ತರಬೇತಿ ಪಡೆದ ಥೆರಪಿಸ್ಟ್ ಎದುರು ಕೂತು ಮಾತಾಡೋದು, ಅದರ ಹಿಂದಿನ ಕಾರಣ ಹುಡುಕೋದು, ಮನೆಗೆ ಹೋಗಿ ಮಾಡಬೇಕಾದ ಕೆಲವು ಅಭ್ಯಾಸಗಳನ್ನ ಕಲಿಯೋದು. ಇಷ್ಟೇ. ಒಬ್ಬರೇ ಹೋಗಬಹುದು, ಗಂಡ-ಹೆಂಡತಿ ಅಥವಾ ಸಂಗಾತಿಗಳು ಜೊತೆಯಾಗಿ ಹೋಗಬಹುದು. ಥೆರಪಿಸ್ಟ್ ರೂಮಿನಲ್ಲಿ ಯಾರೂ ಬಟ್ಟೆ ಬಿಚ್ಚಲ್ಲ, ಯಾರೂ ಯಾರನ್ನೂ ಮುಟ್ಟಲ್ಲ. ದೈಹಿಕ ಪರೀಕ್ಷೆ ಬೇಕಿದ್ದರೆ ಅದನ್ನ ವೈದ್ಯರು ಆಸ್ಪತ್ರೆಯಲ್ಲಿ ಬೇರೆಯಾಗಿ ಮಾಡ್ತಾರೆ. ‘ಥೆರಪಿ’ ಅಂತ ಹೇಳಿ ಮೈ ಮುಟ್ಟುವವರು ಯಾರೇ ಆಗಿರಲಿ, ಅಲ್ಲಿಂದ ಎದ್ದು ಬನ್ನಿ, ದೂರು ಕೊಡಿ.

ಈ ಪದ್ಧತಿಗೆ ತುಂಬಾ ವಯಸ್ಸೇನೂ ಆಗಿಲ್ಲ. ಇಪ್ಪತ್ತನೇ ಶತಮಾನದ ಮಧ್ಯದವರೆಗೂ ಪಶ್ಚಿಮದಲ್ಲಿ ಇಂಥ ತೊಂದರೆ ಅಂದರೆ ಬಾಲ್ಯದ ಒಳಗಿಂದ ಏನೋ ಅಗೆಯಬೇಕು, ವರ್ಷಗಟ್ಟಲೆ ಮನೋವಿಶ್ಲೇಷಣೆ ಆಗಬೇಕು ಅನ್ನುವ ನಂಬಿಕೆ ಇತ್ತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸ್ತ್ರೀರೋಗ ತಜ್ಞ ವಿಲಿಯಂ ಮಾಸ್ಟರ್ಸ್ ಮತ್ತು ಅವರ ಜೊತೆ ಕೆಲಸ ಮಾಡಿದ ವರ್ಜೀನಿಯಾ ಜಾನ್ಸನ್ ಬೇರೆ ದಾರಿ ಹಿಡಿದರು. ಸುಮಾರು 700 ಜನ ಸ್ವಯಂಸೇವಕರನ್ನ ಪ್ರಯೋಗಾಲಯದಲ್ಲಿ ಗಮನಿಸಿ, ಲೈಂಗಿಕ ಪ್ರತಿಕ್ರಿಯೆ ನಡೆಯುವಾಗ ದೇಹದಲ್ಲಿ ಏನೇನಾಗುತ್ತೆ ಅಂತ ಅಳೆದರು. 1966ರಲ್ಲಿ ಆ ಪುಸ್ತಕ ಬಂತು. 1970ರಲ್ಲಿ ಬಂದ ಎರಡನೇ ಪುಸ್ತಕದಲ್ಲಿ ಚಿಕಿತ್ಸೆಯ ವಿಧಾನ ಇತ್ತು: ದಂಪತಿಗಳಿಬ್ಬರೂ ಬರಬೇಕು, ಒಬ್ಬ ಪುರುಷ ಒಬ್ಬ ಮಹಿಳೆ ಹೀಗೆ ಇಬ್ಬರು ಥೆರಪಿಸ್ಟ್‌ಗಳು ಇರಬೇಕು, ಎರಡು ವಾರ ದಿನಾ ಭೇಟಿ. ಅವರ ಮುಖ್ಯ ಮಾತು ಏನಂದರೆ, ತೊಂದರೆ ಇರೋದು ಒಬ್ಬರ ದೇಹದಲ್ಲಿ ಅಂತ ನೋಡಬೇಡಿ, ಇಬ್ಬರ ನಡುವಿನ ಸಂಬಂಧವನ್ನೇ ರೋಗಿ ಅಂತ ನೋಡಿ.

ಸಿಸ್ಟಮ್ ಅನ್ನೋ ಪದ ದಿನಕ್ಕೆ ನೂರು ಸಲ ಕೇಳುವ ನಮಗೆ ಇದು ಬೇಗ ಅರ್ಥ ಆಗಬೇಕು. ಎರಡು ಮಾಡ್ಯೂಲ್ ಬೇರೆಬೇರೆಯಾಗಿ ಟೆಸ್ಟ್ ಮಾಡಿದಾಗ ಸರಿ ಇರುತ್ತೆ, ಜೋಡಿಸಿದಾಗ ಕೈಕೊಡುತ್ತೆ. ಆಗ ಒಂದು ಮಾಡ್ಯೂಲ್ ಬರೆದವನನ್ನೇ ಬೈದು ಪ್ರಯೋಜನ ಇಲ್ಲ.

ಮಾಸ್ಟರ್ಸ್ ಮತ್ತು ಜಾನ್ಸನ್ ಹೇಳಿದ್ದೆಲ್ಲ ವೇದವಾಕ್ಯ ಅಂತ ಯಾರೂ ಒಪ್ಪಿಲ್ಲ. ತಮ್ಮ ಚಿಕಿತ್ಸೆ ಫಲ ಕೊಡದೇ ಹೋದದ್ದು ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ ಅಂತ ಅವರು ಬರೆದರು. ಆ ಲೆಕ್ಕದ ವಿಧಾನವನ್ನ ಬರ್ನಿ ಜಿಲ್ಬರ್ಗೆಲ್ಡ್ ಮತ್ತು ಮೈಕಲ್ ಎವನ್ಸ್ 1980ರಲ್ಲಿ ಪ್ರಶ್ನೆ ಮಾಡಿದರು. ಸಲಿಂಗಿಗಳನ್ನ ‘ಬದಲಾಯಿಸಬಹುದು’ ಅಂತ 1979ರಲ್ಲಿ ಅವರು ಮಾಡಿದ ವಾದವೂ ನಿಲ್ಲಲಿಲ್ಲ. ಹೆಲೆನ್ ಸಿಂಗರ್ ಕಪ್ಲಾನ್ 1974ರಲ್ಲಿ ಹೊಸ ರೀತಿಯ ಸೆಕ್ಸ್ ಥೆರಪಿಯನ್ನ ಮುಂದಿಟ್ಟರು, ಆಮೇಲೆ ಆಸೆಯೇ ಹುಟ್ಟದಿರುವುದು ಬೇರೆಯದೇ ತೊಂದರೆ ಅಂತ ತೋರಿಸಿದರು. ಹೀಗೆ ಒಬ್ಬರು ಹೇಳಿದ್ದನ್ನ ಇನ್ನೊಬ್ಬರು ತಿದ್ದುತ್ತಾ ಬಂದ ಶಾಸ್ತ್ರ ಇದು. ಗೋಡೆ ಮೇಲಿನ ಗ್ಯಾರಂಟಿ ಕೋರ್ಸನ್ನ ಹೀಗೆ ಯಾರು ಯಾವಾಗ ತಿದ್ದಿದ್ದಾರೆ?

ಫೆಸ್ಟ್‌ನ ಮೈಕ್ ಕೂಗಿದ ಹಾಗೆ

ಫೆಸ್ಟ್‌ಗಳಲ್ಲಿ ಮೈಕ್ ಹಿಡಿದವನು ಸ್ಪೀಕರ್ ಎದುರು ಬಂದ ಕೂಡಲೇ ಕುಂಯ್ ಅಂತ ಕಿವಿ ಹರಿಯುವ ಸದ್ದು ಬರುತ್ತಲ್ಲ, ಅದರ ಹೆಸರು ನಮಗೆ ಗೊತ್ತು, ಪಾಸಿಟಿವ್ ಫೀಡ್‌ಬ್ಯಾಕ್. ಸ್ಪೀಕರ್ ಸದ್ದು ಮೈಕಿಗೆ, ಮೈಕಿನ ಸದ್ದು ಸ್ಪೀಕರಿಗೆ, ಪ್ರತಿ ಸುತ್ತಿಗೂ ಜಾಸ್ತಿ. ಮೈಕೂ ಚೆನ್ನಾಗಿದೆ, ಸ್ಪೀಕರೂ ಚೆನ್ನಾಗಿದೆ, ಆದರೂ ಸಭೆ ಕಿವಿ ಮುಚ್ಕೊಳ್ಳುತ್ತೆ.

ಗಂಡಸರ ನಿಮಿರುವಿಕೆಯ ತೊಂದರೆಗಳಲ್ಲಿ ಅನೇಕವು, ಅದರಲ್ಲೂ ಚಿಕ್ಕ ವಯಸ್ಸಿನವರಲ್ಲಿ, ಹೀಗೇ ನಡೆಯುತ್ತವೆ. ನಿಮಿರುವಿಕೆಗೆ ದೇಹ ಆರಾಮಾಗಿರಬೇಕು, ಅದು ಪ್ಯಾರಾಸಿಂಪಥೆಟಿಕ್ ನರಗಳ ಕೆಲಸ. ಭಯ ಆದಾಗ ಸಿಂಪಥೆಟಿಕ್ ವ್ಯವಸ್ಥೆ ಎದ್ದು ಕೂರುತ್ತೆ, ಅಡ್ರಿನಲಿನ್ ಏರುತ್ತೆ, ನಿಮಿರುವಿಕೆ ಇಳಿಯುತ್ತೆ. ಒಂದು ಸಲ ಸುಸ್ತಿಗೋ ಕುಡಿತಕ್ಕೋ ಟೆನ್ಷನ್‌ಗೋ ಹೀಗಾಯ್ತು ಅನ್ಕೊಳ್ಳಿ. ಮುಂದಿನ ಸಲ ‘ಮತ್ತೆ ಹಾಗೇ ಆದ್ರೆ?’ ಅನ್ನೋ ಭಯ. ಭಯದಿಂದ ಮತ್ತೆ ಹಾಗೇ ಆಗುತ್ತೆ. ಮೂರನೇ ಸಲ ಭಯ ಡಬಲ್. ಅವನು ಸಂಗಾತಿಯ ಜೊತೆ ಇರೋದನ್ನ ಬಿಟ್ಟು, ಮೂಲೆಯಲ್ಲಿ ನಿಂತು ತನ್ನನ್ನೇ ತಾನು ಪರೀಕ್ಷೆ ಮಾಡುವ ಇನ್ವಿಜಿಲೇಟರ್ ಆಗಿಬಿಡ್ತಾನೆ. ಮಾಸ್ಟರ್ಸ್ ಮತ್ತು ಜಾನ್ಸನ್ ಇದನ್ನ ಪ್ರೇಕ್ಷಕನ ಪಾತ್ರ ಅಂತ ವಿವರಿಸಿದರು.

ಇದಕ್ಕೆ ಅವರು ಕಂಡುಕೊಂಡ ಅಭ್ಯಾಸದ ಹೆಸರು ಸೆನ್ಸೇಟ್ ಫೋಕಸ್. ಮೈಕ್ ಕೂಗಿದಾಗ ಜೋರಾಗಿ ಮಾತಾಡಿ ಗೆಲ್ಲೋಕಾಗಲ್ಲ, ಮೈಕನ್ನ ಸ್ಪೀಕರ್ ಎದುರಿಂದ ಸರಿಸಬೇಕು. ಇಲ್ಲೂ ಹಾಗೇ. ಥೆರಪಿಸ್ಟ್ ಮೊದಲು ಹೇಳೋದೇ ‘ಕೆಲವು ವಾರ ಸಂಭೋಗ ಬೇಡ’ ಅಂತ. ಕೇಳಿದವರಿಗೆ ಆಶ್ಚರ್ಯ ಆಗುತ್ತೆ, ಸಮಸ್ಯೆ ಪರಿಹಾರಕ್ಕೆ ಬಂದರೆ ಅದನ್ನೇ ನಿಲ್ಲಿಸಿ ಅಂತಾರಲ್ಲ ಅಂತ. ಆದರೆ ಪರೀಕ್ಷೆಯೇ ಕ್ಯಾನ್ಸಲ್ ಆದ ಮೇಲೆ ಫೇಲ್ ಆಗುವ ಭಯ ಎಲ್ಲಿಂದ ಬರಬೇಕು? ಮನೆಯಲ್ಲಿ ಇಬ್ಬರೇ ಇದ್ದಾಗ ಒಬ್ಬರನ್ನೊಬ್ಬರು ಸುಮ್ಮನೆ ಮುಟ್ಟೋದು, ಕೈ, ಬೆನ್ನು, ಮುಖ. ಎಲ್ಲಿ ಹಿತ ಅನಿಸ್ತು, ಎಲ್ಲಿ ಬೇಡ ಅನಿಸ್ತು ಅಂತ ಹೇಳ್ಕೊಳ್ಳೋದು. ಯಾವ ಗುರಿಯೂ ಇಲ್ಲ. ಹಂತ ಹಂತವಾಗಿ, ಇಬ್ಬರೂ ಒಪ್ಪಿದ ಮೇಲೆ ಮಾತ್ರ ಮುಂದಿನ ಹಂತ. ಲೂಪ್ ಮುರಿದ ಮೇಲೆ ದೇಹ ತನ್ನ ಕೆಲಸ ತಾನು ಮಾಡಲು ಶುರು ಮಾಡುತ್ತೆ.

ಶೀಘ್ರಸ್ಖಲನಕ್ಕೂ ಇಂಥ ಅಭ್ಯಾಸಗಳಿವೆ. ಅಮೆರಿಕದ ಮೂತ್ರಾಂಗ ತಜ್ಞ ಜೇಮ್ಸ್ ಸೀಮನ್ಸ್ 1956ರಲ್ಲಿ ವಿವರಿಸಿದ ನಿಲ್ಲಿಸಿ-ಮುಂದುವರಿಸುವ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ಜೊತೆಗೆ, ಬೇಕಾದಾಗ ವೈದ್ಯರು ಕೊಡುವ ಮಾತ್ರೆಗಳೂ ಇವೆ.

ಎಲ್ಲವೂ ಮನಸ್ಸಿನದೇ ಅಂತ ತಿಳ್ಕೋಬಾರದು. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್, ಹಾರ್ಮೋನ್ ಏರುಪೇರು, ಖಿನ್ನತೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಸಿಗರೇಟು, ಮದ್ಯ, ಇವೆಲ್ಲ ಲೈಂಗಿಕ ಆಸೆ ಮತ್ತು ನಿಮಿರುವಿಕೆಯನ್ನ ಕೆಡಿಸಬಲ್ಲವು. ಮಧ್ಯವಯಸ್ಸಿನವರಲ್ಲಿ ನಿಮಿರುವಿಕೆಯ ತೊಂದರೆ ಹೃದಯದ ರಕ್ತನಾಳದ ಕಾಯಿಲೆಯ ಮುನ್ಸೂಚನೆಯೂ ಆಗಿರಬಹುದು. ಅದಕ್ಕೇ ಒಳ್ಳೆಯ ಥೆರಪಿಸ್ಟ್ ಮೊದಲ ದಿನವೇ ಕೇಳ್ತಾರೆ: ಯಾವ್ಯಾವ ಮಾತ್ರೆ ತಗೋತೀರಿ? ಬೆಳಿಗ್ಗೆ ಎದ್ದಾಗ ನಿಮಿರುವಿಕೆ ಇರುತ್ತಾ? ಇರುತ್ತೆ ಅಂದರೆ ದೇಹದ ಯಂತ್ರ ಬಹುಮಟ್ಟಿಗೆ ಸರಿ ಇದೆ ಅಂತ ಸುಳಿವು.

ಗೋಡೆ ಬರಹದಲ್ಲೂ ಜಾಗ ಸಿಗದವರು

ಗಮನಿಸಿದ್ದೀರಾ? ಆ ಗೋಡೆ ಬರಹಗಳೆಲ್ಲ ಗಂಡಸರಿಗೆ. ಹೆಣ್ಣುಮಕ್ಕಳ ತೊಂದರೆಗೆ ನಕಲಿ ವೈದ್ಯನ ಹತ್ತಿರವೂ ಪದ ಇಲ್ಲ. ವಜೈನಿಸ್ಮಸ್ ಅಂತ ಒಂದು ತೊಂದರೆ ಇದೆ. ಸಂಭೋಗದ ಪ್ರಯತ್ನ ಮಾಡಿದಾಗ ಯೋನಿಯ ಸುತ್ತಲಿನ ಸ್ನಾಯುಗಳು ಅವಳ ಇಷ್ಟ ಕೇಳದೇ ಬಿಗಿಯಾಗಿಬಿಡುತ್ತವೆ. ಕಣ್ಣಿನ ಹತ್ತಿರ ಏನಾದರೂ ಬಂದರೆ ರೆಪ್ಪೆ ತಾನಾಗಿ ಮುಚ್ಚೋ ಹಾಗೆ. ವಿಪರೀತ ನೋವು, ಕೆಲವರಿಗೆ ಸಂಭೋಗ ಸಾಧ್ಯವೇ ಆಗಲ್ಲ. ಹಿಂದೆ ಆದ ನೋವು, ದೌರ್ಜನ್ಯ, ಭಯ, ‘ಮೊದಲ ರಾತ್ರಿ ರಕ್ತ ಬರುತ್ತೆ’ ಅಂತ ಕೇಳಿ ಬೆಳೆದ ಕತೆಗಳು, ಹೀಗೆ ಕಾರಣ ಹಲವು. ಕೆಲವೊಮ್ಮೆ ಸ್ಪಷ್ಟ ಕಾರಣವೇ ಸಿಗಲ್ಲ.

ನಮ್ಮ ಕಡೆ ಮದುವೆಯಾದ ಮನೆಗಳಲ್ಲಿ ಮುಂದೆ ಏನಾಗುತ್ತೆ ಅಂತ ಊಹಿಸೋದು ಕಷ್ಟ ಇಲ್ಲ. ಆರು ತಿಂಗಳಾದ ಮೇಲೆ ‘ಏನಮ್ಮಾ, ಇನ್ನೂ ವಿಶೇಷ ಇಲ್ವಾ?’ ಅಂತ ಒಬ್ಬರಾದ ಮೇಲೆ ಒಬ್ಬರು ಕೇಳ್ತಾರೆ. ಅವಳು ಯಾರಿಗೆ ಹೇಳಬೇಕು? ಅಮ್ಮನಿಗೆ ಹೇಳಿದರೆ ‘ಸ್ವಲ್ಪ ಹೊಂದ್ಕೊಂಡು ಹೋಗು’. ಗಂಡ ‘ಇವಳಿಗೆ ನಾನು ಇಷ್ಟ ಇಲ್ಲ’ ಅಂದ್ಕೋತಾನೆ. ಇಬ್ಬರೂ ಒಳ್ಳೆಯವರೇ, ಇಬ್ಬರಿಗೂ ನೋವಾಗಿದೆ, ನಡುವೆ ಮಾತಿಲ್ಲ. ವಿಷಾದ ಏನಂದರೆ ಇದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ತೊಂದರೆ. ದೇಹದ ಬಗ್ಗೆ ಸರಿಯಾದ ತಿಳಿವಳಿಕೆ, ಸ್ನಾಯು ಸಡಿಲಿಸುವ ವ್ಯಾಯಾಮ, ಚಿಕ್ಕದರಿಂದ ದೊಡ್ಡದಕ್ಕೆ ಹೋಗುವ ಡೈಲೇಟರ್‌ಗಳನ್ನ ಅವಳೇ ತನ್ನ ನಿಧಾನಕ್ಕೆ ಬಳಸೋದು, ಜೊತೆಗೆ ಗಂಡನ ತಾಳ್ಮೆ. ಸ್ತ್ರೀರೋಗ ತಜ್ಞೆ, ಫಿಸಿಯೋಥೆರಪಿಸ್ಟ್, ಸೆಕ್ಸ್ ಥೆರಪಿಸ್ಟ್ ಕೂಡಿ ಕೆಲಸ ಮಾಡ್ತಾರೆ.

ಇಲ್ಲೊಂದು ಗೆರೆ ಎಳೆಯಲೇಬೇಕು. ‘ಅವಳು ಒಪ್ತಾ ಇಲ್ಲ, ಒಪ್ಪೋ ಹಾಗೆ ಮಾಡಿ’ ಅನ್ನೋದು ಥೆರಪಿಯ ಗುರಿ ಅಲ್ಲ. ಬಲವಂತ, ಹೊಡೆತ ಇರುವ ಕಡೆ ಮೊದಲು ಬೇಕಾದದ್ದು ಸುರಕ್ಷತೆ, ಜೋಡಿಯಾಗಿ ಕೂತು ಮಾತಾಡುವ ಚಿಕಿತ್ಸೆ ಆಮೇಲಿನ ಮಾತು. ಹಾಗೇ, ಲೈಂಗಿಕ ಆಸಕ್ತಿ ಕಡಿಮೆ ಇದ್ದೂ ಅದರಿಂದ ತನಗೇನೂ ಸಂಕಟ ಇಲ್ಲ ಅನ್ನುವವರಿಗೆ ರೋಗದ ಹಣೆಪಟ್ಟಿ ಹಚ್ಚಬೇಕಿಲ್ಲ. ಸಲಿಂಗಿಗಳನ್ನ ‘ಸರಿ’ ಮಾಡ್ತೀವಿ ಅನ್ನುವ ಪರಿವರ್ತನಾ ಚಿಕಿತ್ಸೆಯನ್ನ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿಪರ ದುರ್ನಡತೆ ಅಂತ ಘೋಷಿಸಿದೆ. ಯಾರಾದರೂ ಡಾಕ್ಟರ್ ಅದನ್ನ ಮಾಡ್ತೀನಿ ಅಂದರೆ ಅವರು ನಿಯಮ ಮುರೀತಿದ್ದಾರೆ.

‘ಧಾತು ಹೋಗ್ತಿದೆ’ ಅನ್ನೋ ಭಯ

ಹುಡುಗರ ಹಾಸ್ಟೆಲ್‌ಗೆ ನೇರವಾಗಿ ಸಂಬಂಧಪಟ್ಟ ವಿಷಯಕ್ಕೆ ಬರೋಣ. ಒಂದು ಹನಿ ವೀರ್ಯ ಆಗಬೇಕಾದರೆ ಇಷ್ಟು ಹನಿ ರಕ್ತ ಬೇಕು ಅನ್ನುವ ಮಾತು ಕೇಳದ ಹುಡುಗ ಇದ್ದಾನಾ? ಸಂಖ್ಯೆ ಊರಿಂದ ಊರಿಗೆ ಬದಲಾಗುತ್ತೆ, ಭಯ ಒಂದೇ. ಇದರಿಂದ ಸ್ವಪ್ನಸ್ಖಲನ ಆದವನು, ಹಸ್ತಮೈಥುನ ಮಾಡುವವನು ತನ್ನ ಶಕ್ತಿಯೆಲ್ಲ ಸೋರಿ ಹೋಯ್ತು ಅಂತ ಕಂಗಾಲಾಗ್ತಾನೆ. ಸುಸ್ತು, ನಿದ್ದೆ ಇಲ್ಲ, ಓದು ತಲೆಗೆ ಹತ್ತಲ್ಲ, ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಬರಲಿಲ್ಲ ಅಂದರೂ ಇದೇ ಕಾರಣ ಅನ್ಸುತ್ತೆ. ಈ ಸಂಕಟಕ್ಕೆ ನಮ್ಮ ದೇಶದ ಮನೋವೈದ್ಯ ಡಾ. ಎನ್. ಎನ್. ವಿಗ್ 1960ರಲ್ಲಿ ಧಾತ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಧಾತು ಅನ್ನೋ ನಮ್ಮದೇ ಪದದಿಂದ ಬಂದ ಹೆಸರು.

ವಿಜ್ಞಾನ ಏನು ಹೇಳುತ್ತೆ? ವೃಷಣಗಳು ವೀರ್ಯಾಣುಗಳನ್ನ ದಿನವೂ ತಯಾರು ಮಾಡ್ತಲೇ ಇರುತ್ತವೆ. ಕೂಡಿಟ್ಟರೆ ಶಕ್ತಿಯಾಗುವ, ಖರ್ಚಾದರೆ ಮುಗಿಯುವ ಬ್ಯಾಟರಿ ಅದಲ್ಲ. ಹಸ್ತಮೈಥುನದಿಂದ ನರ ದೌರ್ಬಲ್ಯ ಬರಲ್ಲ, ನೆನಪಿನ ಶಕ್ತಿ ಹೋಗಲ್ಲ. ಆದರೆ ‘ಬರುತ್ತೆ’ ಅನ್ನುವ ಭಯದಿಂದ ನಿದ್ದೆ ಹೋಗುತ್ತೆ, ಸುಸ್ತಾಗುತ್ತೆ, ಅದು ನಿಜ. ಅಂದರೆ ಕಾಯಿಲೆ ಇರೋದು ಕತೆಯಲ್ಲಿ, ನೋವು ಮಾತ್ರ ಅಸಲಿ. ಅದನ್ನ ‘ಏನೂ ಇಲ್ಲ ಹೋಗೋ’ ಅಂತ ತಳ್ಳಿಹಾಕಿದರೆ ಅವನು ಸೀದಾ ಗೋಡೆ ಮೇಲಿನ ನಂಬರಿಗೆ ಹೋಗ್ತಾನೆ.

ಇದು ಹಳ್ಳಿಯವರ ಮೂಢನಂಬಿಕೆ, ನಮ್ಮ ದೇಶದ್ದೇ ರೋಗ ಅಂತ ಮೂಗು ಮುರಿಯುವವರಿಗೊಂದು ಮಾತು. ಸ್ವಿಟ್ಜರ್ಲೆಂಡಿನ ವೈದ್ಯ ತಿಸ್ಸೊ 1760ರಲ್ಲಿ ಹಸ್ತಮೈಥುನದಿಂದ ಬರುವ ‘ರೋಗಗಳ’ ಬಗ್ಗೆ ಫ್ರೆಂಚ್‌ನಲ್ಲಿ ಪುಸ್ತಕವನ್ನೇ ಬರೆದ. ಯೂರೋಪ್ ಅದನ್ನ ಓದಿ ನೂರು ವರ್ಷಕ್ಕೂ ಹೆಚ್ಚು ಕಾಲ ನಡುಗಿತು. ಅವರು ಆ ಭಯವನ್ನ ಮಾತಾಡಿ ಮಾತಾಡಿ ಬಹಳಷ್ಟು ಕಳೆದುಕೊಂಡರು. ನಾವಿನ್ನೂ ಪಿಸುಗುಟ್ತಾ ಇದ್ದೀವಿ.

ಹತ್ತರಲ್ಲಿ ಬಹಳಷ್ಟು ಜನಕ್ಕೆ ಬೇಕಾದದ್ದು ಮೊದಲ ಮೆಟ್ಟಿಲು

ಜಾಕ್ ಆ್ಯನನ್ ಅನ್ನುವ ಮನೋವಿಜ್ಞಾನಿ 1976ರಲ್ಲಿ ಒಂದು ನಾಲ್ಕು ಮೆಟ್ಟಿಲಿನ ಮಾದರಿ ಕೊಟ್ಟರು. ಮೊದಲನೆಯದು ಅನುಮತಿ: ‘ಈ ವಿಷಯ ಇಲ್ಲಿ ಮಾತಾಡಬಹುದು, ನಿನಗೆ ಅನ್ನಿಸ್ತಿರೋದು ಅಸಹಜ ಏನಲ್ಲ’ ಅಂತ ಹೇಳೋದು. ಎರಡನೆಯದು ಸ್ವಲ್ಪ ಮಾಹಿತಿ. ಮೂರನೆಯದು ನಿರ್ದಿಷ್ಟ ಸಲಹೆ, ಅಭ್ಯಾಸ. ನಾಲ್ಕನೆಯದು ಆಳವಾದ ಥೆರಪಿ. ಮೇಲೇರಿದಂತೆ ಜನ ಕಡಿಮೆಯಾಗ್ತಾರೆ. ಬಹಳಷ್ಟು ಮಂದಿಯ ಕಷ್ಟ ಮೊದಲೆರಡು ಮೆಟ್ಟಿಲಲ್ಲೇ ಹಗುರಾಗುತ್ತೆ ಅನ್ನೋದು ಆ ಮಾದರಿಯ ತಿರುಳು.

ನಮ್ಮ ವಾದ ನಿಂತಿರೋದು ಇಲ್ಲೇ. ಮೂರು ಮತ್ತು ನಾಲ್ಕನೇ ಮೆಟ್ಟಿಲಿಗೆ ತಜ್ಞರೇ ಬೇಕು. ಆದರೆ ‘ಮಾತಾಡಬಹುದು’ ಅನ್ನುವ ಅನುಮತಿ ಕೊಡೋಕೆ, ಸರಿಯಾದ ಮಾಹಿತಿ ದಾಟಿಸೋಕೆ ಒಂದು ಕಾಲೇಜಿಗೆ ಆಗಲ್ವಾ? ಮುಂಬೈಯ ಡಾ. ಮಹಿಂದರ್ ವತ್ಸ ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, 2005ರಲ್ಲಿ, ಅಲ್ಲಿನ ಒಂದು ದಿನಪತ್ರಿಕೆಯಲ್ಲಿ ಲೈಂಗಿಕ ಪ್ರಶ್ನೋತ್ತರದ ಅಂಕಣ ಶುರು ಮಾಡಿದರು. 2020ರಲ್ಲಿ ತೀರಿಕೊಳ್ಳುವಾಗ ಅವರಿಗೆ 96. ಎಂಥ ಪ್ರಶ್ನೆ ಬಂದರೂ ಕೇಳಿದವರನ್ನ ಅವಮಾನ ಮಾಡದೇ, ತಮಾಷೆ ಬೆರೆಸಿ, ಎರಡು ಸಾಲಿನಲ್ಲಿ ಉತ್ತರ ಕೊಡ್ತಿದ್ದರು. ಅವರು ದಿನವೂ ಮಾಡಿದ್ದು ಮೊದಲೆರಡು ಮೆಟ್ಟಿಲಿನ ಕೆಲಸ.

ಕನ್ನಡಕ್ಕೆ ಇದು ಹೊಸದು ಅಂತಾನೂ ಅಲ್ಲ. ವೈದ್ಯೆ ಮತ್ತು ಕಾದಂಬರಿಗಾರ್ತಿ ಅನುಪಮಾ ನಿರಂಜನ ಅವರು ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’ ಬರೆದು ನಮ್ಮ ಅಜ್ಜಿ-ಅಮ್ಮಂದಿರ ಕಾಲದಲ್ಲೇ ಈ ಬಾಗಿಲು ತೆಗೆದಿದ್ದರು. ಬೀರುವಿನೊಳಗೆ ಸೀರೆ ಕೆಳಗೆ ಬಚ್ಚಿಟ್ಟಾದರೂ ಆ ಪುಸ್ತಕಗಳನ್ನ ಓದಿದವರಿದ್ದಾರೆ. ‘ಇದು ನಮ್ಮ ಸಂಸ್ಕೃತಿ ಅಲ್ಲ’ ಅನ್ನೋ ಮಾತಿಗೆ ಇಷ್ಟೇ ಉತ್ತರ ಸಾಕು. ಮರ್ಯಾದೆ ಬಿಡದೆ ಕನ್ನಡದಲ್ಲಿ ಈ ವಿಷಯ ಬರೆಯಬಹುದು ಅಂತ ಅವರು ಬರೆದೇ ತೋರಿಸಿದ್ದಾರೆ.

‘ಮದುವೆ ಆಗಿಲ್ಲ, ನಮಗ್ಯಾಕೆ ಈಗಲೇ?’ ಅಂತ ಕೇಳೋರಿಗೆ: ಭಯಗಳು ಗಟ್ಟಿಯಾಗೋದು ಈ ವಯಸ್ಸಲ್ಲೇ. ಪೋರ್ನ್ ನೋಡಿ ತನ್ನ ದೇಹವನ್ನ, ಸಮಯವನ್ನ ಅದಕ್ಕೆ ಹೋಲಿಸಿಕೊಳ್ಳೋದು ಈಗಲೇ. ಎಡಿಟ್ ಮಾಡಿದ, ದುಡ್ಡು ಕೊಟ್ಟು ನಟಿಸಿದ ದೃಶ್ಯವನ್ನ ಸ್ಪೆಸಿಫಿಕೇಷನ್ ಶೀಟ್ ಅಂತ ನಂಬೋದು, ಸಿನಿಮಾ ಫೈಟ್ ನೋಡಿ ಮೆಕ್ಯಾನಿಕ್ಸ್ ಲೆಕ್ಕ ಮಾಡಿದ ಹಾಗೆ. ಐದು ವರ್ಷದ ನಂತರ ಕೆಲಸ, ಇಎಂಐ, ನೈಟ್ ಶಿಫ್ಟ್, ಮದುವೆ ಎಲ್ಲ ಬಂದಾಗ ಈ ಭಯಗಳು ಇನ್ನೊಬ್ಬರ ಬದುಕಿನೊಳಗೂ ಹೋಗುತ್ತವೆ. ಆಗ ಕಲಿಯೋದಕ್ಕಿಂತ ಈಗ ಒಂದೆರಡು ಪದ ಕಲಿಯೋದು ಸುಲಭ.

ಯಾರ ಹತ್ರ ಹೋಗೋದು?

ಸೆಕ್ಸಾಲಜಿಸ್ಟ್ ಅಂತ ಬೋರ್ಡು ಯಾರು ಬೇಕಾದರೂ ಹಾಕಿಬಿಡ್ತಾರೆ, ಹಾಗಾಗಿ ಬೋರ್ಡಿನ ಕೆಳಗಿನ ಡಿಗ್ರಿ ಓದಿ. ಮನೋವೈದ್ಯರು, ಮೂತ್ರಾಂಗ ತಜ್ಞರು, ಸ್ತ್ರೀರೋಗ ತಜ್ಞರು ಆಗಿದ್ದರೆ ಎಂಬಿಬಿಎಸ್ ಮೇಲೆ ಸ್ನಾತಕೋತ್ತರ ಪದವಿ ಇರುತ್ತೆ, ವೈದ್ಯಕೀಯ ಮಂಡಳಿಯ ನೋಂದಣಿ ಇರುತ್ತೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು. ಅದನ್ನ ಕೇಳೋದು ಅವಮಾನ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗ್ತಾರೆ. ಇಡೀ ದೇಶದ ಆ ಕಾರ್ಯಕ್ರಮಕ್ಕೆ ಮಾದರಿಯಾಗಿದ್ದು ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ ಅನ್ನೋದು ಹೆಮ್ಮೆಯ ವಿಷಯ.

ಯಾರ ಮುಖವೂ ನೋಡದೇ ಮಾತಾಡಬೇಕು ಅಂದರೆ ಟೆಲಿ-ಮಾನಸ್ ಇದೆ, ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಅವರು ಸೆಕ್ಸ್ ಥೆರಪಿ ಮಾಡಲ್ಲ, ಆದರೆ ಭಯ, ಆತಂಕ ಕೇಳಿಸ್ಕೊಂಡು ಮುಂದೆ ಎಲ್ಲಿಗೆ ಹೋಗಬೇಕು ಅಂತ ದಾರಿ ತೋರಿಸ್ತಾರೆ. ಗುಟ್ಟು ಹೊರಗೆ ಹೋಗುತ್ತೆ ಅನ್ನೋ ಭಯ ಇದ್ದರೆ, ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ಗೌಪ್ಯತೆಯನ್ನ ರೋಗಿಯ ಹಕ್ಕು ಅಂತಲೇ ಬರೆದಿದೆ.

ಯಾರ ಹತ್ತಿರ ಹೋಗಬಾರದು ಅನ್ನೋದು ಇನ್ನೂ ಸುಲಭ. ಗ್ಯಾರಂಟಿ ಕೊಡುವವರು, ಪರೀಕ್ಷೆ ಮಾಡದೇ ಫೋನಿನಲ್ಲೇ ಕೋರ್ಸ್ ಮಾರುವವರು, ಹೆಸರಿಲ್ಲದ ಪುಡಿ ಪೊಟ್ಟಣ ಕೊಡುವವರು. ಲೈಂಗಿಕ ಸಾಮರ್ಥ್ಯ ಹೆಚ್ಚಿಸ್ತೀವಿ ಅಂತ ಔಷಧದ ಜಾಹೀರಾತು ಕೊಡೋದನ್ನ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಅಂದರೆ ಆ ಗೋಡೆ ಬರಹ ಕಾನೂನಿಗೇ ವಿರುದ್ಧ. ಗಿಡಮೂಲಿಕೆ ಅಂತ ಮಾರುವ ಇಂಥ ಔಷಧಗಳಲ್ಲಿ ವಯಾಗ್ರದ ಅಂಶವಾದ ಸಿಲ್ಡೆನಾಫಿಲ್ ಬೆರೆಸಿರೋದು ಹಲವು ದೇಶಗಳ ಔಷಧ ನಿಯಂತ್ರಕರಿಗೆ ಸಿಕ್ಕಿದೆ. ಹೃದಯಕ್ಕೆ ನೈಟ್ರೇಟ್ ಮಾತ್ರೆ ತಗೊಳ್ಳುವವರು ಗೊತ್ತಿಲ್ಲದೇ ಅದನ್ನ ನುಂಗಿದರೆ ಬಿಪಿ ಕುಸಿದು ಪ್ರಾಣಕ್ಕೇ ಅಪಾಯ.

ಸೆಕ್ಸ್ ಥೆರಪಿಗೂ ಮಿತಿ ಇದೆ. ಎಲ್ಲರಿಗೂ ಫಲ ಕೊಡಲ್ಲ. ಜೋಡಿಯಲ್ಲಿ ಒಬ್ಬರು ಬರಲ್ಲ ಅಂದರೆ ಕೆಲಸ ಅರ್ಧವೇ ಆಗುತ್ತೆ. ತರಬೇತಿ ಪಡೆದವರು ದೊಡ್ಡ ಊರು ಬಿಟ್ಟರೆ ಸಿಗೋದು ಕಷ್ಟ, ಖಾಸಗಿಯಾಗಿ ಹೋದರೆ ಫೀಸೂ ಇದೆ. ಇದನ್ನೆಲ್ಲ ಮುಚ್ಚಿಟ್ಟು ಹೊಗಳಿದರೆ ನಾವೂ ಗೋಡೆ ಬರಹದವರ ಸಾಲಿಗೇ ಸೇರ್ತೀವಿ.

ಕನ್ನಡ ಸಂಘಕ್ಕೆ ಇದರಲ್ಲೇನು ಕೆಲಸ?

ನಮ್ಮ ಕ್ಯಾಂಪಸ್ಸಿನಲ್ಲಿ ಅರ್ಧಕ್ಕರ್ಧ ಜನ ಕನ್ನಡ ಮೀಡಿಯಂನಿಂದಲೋ ಸಣ್ಣ ಊರಿನಿಂದಲೋ ಬಂದವರು. ಅವರು ಡಾಕ್ಟರ್ ಮುಂದೆ ಕೂತಾಗ ಬಾಯಿಗೆ ಬರೋದು ‘ಒಂಥರಾ ಆಗುತ್ತೆ ಸರ್’, ‘ಸ್ವಲ್ಪ ವೀಕ್‌ನೆಸ್ ಇದೆ ಸರ್’. ಡಾಕ್ಟರ್ ಟಾನಿಕ್ ಬರೆದು ಕಳಿಸ್ತಾರೆ. ತಪ್ಪು ಇಬ್ಬರದೂ ಅಲ್ಲ, ನಡುವಿನ ಭಾಷೆ ಇಲ್ಲ. ಸಂಸ್ಕೃತದ ಭಾರೀ ಪದ ನಾಲಿಗೆಗೆ ಬರಲ್ಲ, ಇಂಗ್ಲಿಷ್ ಪದ ಗೊತ್ತಿಲ್ಲ, ಗೊತ್ತಿರೋ ಪದ ಬೈಗುಳ. ರಾಜ್ಯೋತ್ಸವಕ್ಕೆ ಬಾವುಟ ಹಾರಿಸಿ ‘ಕನ್ನಡ ಎಲ್ಲದಕ್ಕೂ ಸಾಕು’ ಅಂತ ಭಾಷಣ ಮಾಡುವ ನಾವು, ಒಬ್ಬ ಹುಡುಗ ಅಥವಾ ಹುಡುಗಿ ತನ್ನ ದೇಹದ ನೋವನ್ನ ಮಾನವಾಗಿ ಹೇಳ್ಕೊಳ್ಳೋಕೆ ಕನ್ನಡ ಕೊಡದಿದ್ದರೆ ಆ ಭಾಷಣಕ್ಕೆ ಅರ್ಥ ಏನು?

ಅದಕ್ಕೆ ನಾವು ಮೂರು ಮಾತು ಮುಂದಿಡ್ತೀವಿ. ಒಂದು, ಮೊದಲ ವರ್ಷದವರ ಇಂಡಕ್ಷನ್ ಕಾರ್ಯಕ್ರಮದಲ್ಲಿ ಯೋಗ, ಮೌಲ್ಯ ಶಿಕ್ಷಣದ ಜೊತೆ ಒಂದು ಗಂಟೆ ಒಬ್ಬ ಮನೋವೈದ್ಯರಿಗೂ ಒಬ್ಬ ಸ್ತ್ರೀರೋಗ ತಜ್ಞೆಗೂ ಕೊಡಲಿ. ಹುಡುಗರು, ಹುಡುಗಿಯರು ಚೀಟಿಯಲ್ಲಿ ಹೆಸರು ಬರೆಯದೇ ಪ್ರಶ್ನೆ ಹಾಕಲಿ, ಉತ್ತರ ಎಲ್ಲರ ಎದುರು, ಕನ್ನಡದಲ್ಲಿ ಬರಲಿ. ಎರಡು, ಕೌನ್ಸೆಲಿಂಗ್ ರೂಮಿನ ಬಾಗಿಲಲ್ಲಿ ‘ಸ್ಟ್ರೆಸ್, ಪರೀಕ್ಷೆ ಭಯ’ ಅಂತ ಬರೆದಿರುವ ಪಟ್ಟಿಗೆ ‘ಲೈಂಗಿಕ ಆರೋಗ್ಯದ ಪ್ರಶ್ನೆಗಳು’ ಅಂತ ಒಂದು ಸಾಲು ಸೇರಲಿ. ಆ ಒಂದು ಸಾಲೇ ಆ್ಯನನ್ ಹೇಳಿದ ಮೊದಲ ಮೆಟ್ಟಿಲು. ಮೂರು, ಈ ಪತ್ರಿಕೆಯಲ್ಲೇ ಒಂದು ಪದಪಟ್ಟಿ ಶುರು ಮಾಡೋಣ. ದೇಹದ ಭಾಗಗಳಿಗೆ, ತೊಂದರೆಗಳಿಗೆ, ಬೇಕು-ಬೇಡ ಹೇಳೋದಕ್ಕೆ, ನಾಲಿಗೆಗೆ ಬರುವ, ಮುಖ ತಗ್ಗಿಸಬೇಕಿಲ್ಲದ ಕನ್ನಡ ಪದಗಳು. ವೈದ್ಯರ ಹತ್ತಿರ ತೋರಿಸಿ ತಿದ್ದಿಸಿ ಹಾಕೋಣ.

ಇವು ಮೂರೂ ಕಮಿಟಿ, ಪರ್ಮಿಷನ್ ಅಂತ ತಡವಾಗಬಹುದು. ತಡವಾಗದ ಕೆಲಸ ಒಂದಿದೆ. ರೂಮ್‌ಮೇಟ್ ಯಾವತ್ತಾದರೂ ರಾತ್ರಿ ಲೈಟ್ ಆಫ್ ಆದ ಮೇಲೆ ‘ಮಗಾ, ಒಂದ್ ವಿಷ್ಯ ಕೇಳ್ಬೇಕಿತ್ತು, ನಗಬಾರ್ದು’ ಅಂತ ಶುರು ಮಾಡಿದರೆ, ನಗಬೇಡಿ. ಪೂರ್ತಿ ಕೇಳಿಸ್ಕೊಳ್ಳಿ. ಬೆಳಿಗ್ಗೆ ಅದನ್ನ ಬೇರೆ ಯಾರಿಗೂ ಹೇಳಬೇಡಿ. ಡಾಕ್ಟರ್ ಹತ್ರ ಹೋಗೋದಾದ್ರೆ ಜೊತೆಗೆ ಹೋಗಿ, ಹೊರಗಿನ ಬೆಂಚಿನ ಮೇಲೆ ಕೂತಿರಿ.